ಜಮೀಲಾ ಬೀ ಓದುತ್ತಿದ್ದ ಹಾಳೆಗಳು

ಟ್ಯಾಬಿನಿಂದ ಹಳೆಯ ಸ್ಕ್ರೀನ್ ಗಾರ್ಡ್ ಕೀಳುವಾಗ ಜಮೀಲಾ ಬೀ ಉಸಿರು ಬಿಗಿಹಿಡಿಯುತ್ತಿದ್ದರು. ಹೆಬ್ಬೆರಳಿನ ಉಗುರು ಮೂಲೆಗೆ ತಾಕುತ್ತಿತ್ತು, ಆಮೇಲೆ ಒಂದೇ ಎಳೆತ. ಕಿತ್ತ ಪ್ಲಾಸ್ಟಿಕ್ ಹಾಳೆಯನ್ನು ಬೇರೆ ಯಾರಾದರೂ ಆಗಿದ್ದರೆ ಬುಟ್ಟಿಗೆ ಎಸೆಯುತ್ತಿದ್ದರು. ಇವರು ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಎಕ್ಸ್‌ರೇ ನೋಡುವ ಡಾಕ್ಟರ ಹಾಗೆ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

"ಇದು ಎಡಗೈ ಬಚ್ಚಾ," ಎನ್ನುತ್ತಿದ್ದರು. ಅಥವಾ, "ಅರೆ, ಇವನು ಪಾಠಕ್ಕಿಂತ ಕ್ಯಾಮರಾನಲ್ಲಿ ತನ್ನ ಮೂತಿ ನೋಡ್ಕೊಂಡಿದ್ದೇ ಜಾಸ್ತಿ ಮೇಡಂ. ದೊಡ್ಡೋನಾದ್ರೆ ಹೀರೋ ಆಗ್ತಾನೆ, ಇಲ್ಲಾಂದ್ರೆ ಕಟಿಂಗ್ ಶಾಪ್ ಇಡ್ತಾನೆ."

ಕಗ್ಗದಾಸಪುರದ ನಮ್ಮ ಕನ್ನಡ ಮಾಧ್ಯಮದ ಶಾಲೆಯಲ್ಲಿ ಅವರು ಆಯಾ. ಶಿವಾಜಿನಗರದಿಂದ ಎರಡು ಬಸ್ ಬದಲಿಸಿ ಬರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಹಲವು ವರ್ಷ ಅಣ್ಣನ ಮೊಬೈಲ್ ಅಂಗಡಿಯಲ್ಲಿ ಗಾರ್ಡ್ ಅಂಟಿಸಿದ ಕೈ ಅದು. ಒಂದು ಟ್ರಸ್ಟಿನವರು ನನ್ನ ತರಗತಿಗೆ ಮೂವತ್ತು ಟ್ಯಾಬ್ ಕೊಟ್ಟಾಗ, ಪ್ರತಿ ಮೇ ತಿಂಗಳ ಕೊನೆಯಲ್ಲಿ ಅವನ್ನು ಹೊಸ ವರ್ಷಕ್ಕೆ ಅಣಿ ಮಾಡುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂತು. ಹಳೆಯದನ್ನೆಲ್ಲ ಅಳಿಸಿ, ಹೊಸ ಕಥೆಗಳನ್ನು ತುಂಬಿಸಿ, ಹೊಸ ಹೆಸರುಗಳನ್ನು ಸೇರಿಸುವುದು ನನ್ನ ಕೆಲಸ. ಒರೆಸುವುದು, ಗಾರ್ಡ್ ಬದಲಿಸುವುದು, ಹಿಂಬದಿಗೆ ನಂಬರ್ ಚೀಟಿ ಅಂಟಿಸುವುದು ಅವರ ಕೆಲಸ.

ಆ ಸೆಕೆಯಲ್ಲೂ ಫ್ಯಾನ್ ಹಾಕಲು ಬಿಡುತ್ತಿರಲಿಲ್ಲ. ಧೂಳು ಏಳದಂತೆ ಮೊದಲು ನೆಲಕ್ಕೆ ನೀರು ಚಿಮುಕಿಸುತ್ತಿದ್ದರು. ನಾನು ಗೊಣಗಿದರೆ, "ನಕ್ಕೋ ಮೇಡಂ, ಬೇಡ. ಫ್ಯಾನ್ ಹಾಕಿದ್ರೆ ಧೂಳು ಕೂತ್ಕೊಳ್ತದೆ, ಗುಳ್ಳೆ ಬರ್ತದೆ. ಗುಳ್ಳೆ ಬಂದ್ರೆ ಬಚ್ಚಾ ವರ್ಷವೆಲ್ಲಾ ಆ ಗುಳ್ಳೇನೇ ಒತ್ತುತ್ತೆ, ಪಾಠ ಅಲ್ಲ," ಎನ್ನುತ್ತಿದ್ದರು.

ಅಗ್ಗದ ಗಾರ್ಡು ಬೆರಳು ಹೆಚ್ಚು ಓಡಾಡಿದ ಕಡೆ ಮಸುಕಾಗುತ್ತದೆ. ಒಂದು ಮಗುವಿಗೆ ವರ್ಷವಿಡೀ ಒಂದೇ ಟ್ಯಾಬ್. ಹಾಗಾಗಿ ಹಾಳೆಯಲ್ಲಿ ಆ ಮಗುವಿನ ವರ್ಷ ಇರುತ್ತದೆ ಎಂಬುದು ಅವರ ವಾದ. ನನಗೆ ನಂಬಿಕೆ ಬರಲಿಲ್ಲ. ಒಮ್ಮೆ ಮೂವತ್ತರಲ್ಲಿ ಯಾವುದೋ ನಾಲ್ಕು ಹಾಳೆಗಳನ್ನು ಆರಿಸಿ ಕೊಟ್ಟು ಒಂದೊಂದೂ ಯಾರದೆಂದು ಹೇಳಿ ಎಂದೆ. ನಾಲ್ಕನ್ನೂ ಸರಿಯಾಗಿ ಹೇಳಿದರೆಂದು ನನ್ನ ನೆನಪು. ಅಂದಿನ ಡೈರಿಯಲ್ಲಿ ಮಾತ್ರ 'ಮೂರು ಸರಿ' ಎಂದು ಬರೆದಿದ್ದೇನೆ. ಆಮೇಲೆ ನಡೆದದ್ದರಿಂದಾಗಿ ನಾನೇ ಅವರಿಗೆ ಒಂದು ಅಂಕ ಹೆಚ್ಚು ಕೊಟ್ಟಿರಬೇಕು.

ಆಮೇಲೆ ನಡೆದದ್ದು ಹದಿನೇಳನೇ ನಂಬರಿನ ವಿಷಯ.

ಹದಿನೇಳು ರೇಣುಕಾಳದು. ಯಾದಗಿರಿ ಕಡೆಯ ಕುಟುಂಬ, ಅಪ್ಪ ಅಮ್ಮ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುವವರು, ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಕೋಣೆ. ಐದನೇ ತರಗತಿಗೆ ನಡುವೆ ಬಂದು ಸೇರಿದವಳು. ಬೋರ್ಡಿನ ಮೇಲಿದ್ದುದನ್ನು ಮುತ್ತಿನಂಥ ಅಕ್ಷರದಲ್ಲಿ ಇಳಿಸಿಕೊಳ್ಳುತ್ತಿದ್ದಳು. ಟ್ಯಾಬ್ ತಾನೇ ತಯಾರಿಸುವ ವರದಿಯಲ್ಲಿ, ಅತಿ ಹೆಚ್ಚು ಕಥೆ ಓದಿ ಮುಗಿಸಿದವರ ಸಾಲಿನಲ್ಲಿ ಅವಳೇ ಮೊದಲು. "ನಾ ಎಲ್ಲಾ ಮುಗಿಸೀನ್ರಿ ಟೀಚರ್," ಎಂದು ಓಡಿ ಬರುತ್ತಿದ್ದಳು. ವಾರ್ಷಿಕೋತ್ಸವದಲ್ಲಿ ನಾನೇ ಅವಳಿಗೆ ಬಹುಮಾನ ಕೊಡಿಸಿದ್ದೆ. ಮುಂದಿನ ತರಗತಿಗೂ ಟ್ಯಾಬ್ ಬೇಕೆಂದು ಟ್ರಸ್ಟಿಗೆ ಬರೆದ ಪತ್ರದಲ್ಲಿ ಅವಳ ಹೆಸರನ್ನೇ ಮುಂದಿಟ್ಟಿದ್ದೆ.

ಆ ಮೇ ತಿಂಗಳಲ್ಲಿ ಜಮೀಲಾ ಬೀ ಹದಿನೇಳರ ಹಾಳೆಯನ್ನು ಕಿತ್ತು ಬೆಳಕಿಗೆ ಹಿಡಿದವರು ಎಂದಿನಂತೆ ತಮಾಷೆ ಮಾಡಲಿಲ್ಲ. ತಿರುಗಿಸಿ ಮತ್ತೊಮ್ಮೆ ನೋಡಿದರು.

"ಮೇಡಂ, ಈ ಹುಡುಗಿ ಓದಿಲ್ಲ."

"ಏನ್ರೀ ಹಾಗಂದ್ರೆ? ಕ್ಲಾಸಿಗೇ ಫಸ್ಟ್ ಅವಳು."

"ಇಲ್ಲಿ ನೋಡಿ. ಸ್ಪೀಕರ್ ಬಟನ್ ಹತ್ರ ಸವೆದಿದೆ. ಮುಂದಿನ ಪೇಜಿನ ಬಾಣದ ಹತ್ರ ಸವೆದಿದೆ. ನಡುವೆ ಕ್ಯಾ ಹೈ? ಹೊಸದರ ಹಾಗೆ ಇದೆ. ಓದೋ ಮಕ್ಕಳು ಸಾಲಿನ ಕೆಳಗೆ ಬೆರಳು ಓಡಿಸ್ತಾರೆ. ಇವಳು ಕೇಳಿದಾಳೆ, ಒತ್ತಿದಾಳೆ. ಅಷ್ಟೆ."

ಹಾಳೆಯನ್ನು ನನ್ನ ಕೈಗಿತ್ತರು. ನಡುವೆ ಅದು ನಿಜಕ್ಕೂ ತಿಳಿಯಾಗಿತ್ತೇ? ಈಗ ಕಣ್ಣು ಮುಚ್ಚಿದರೆ ಹಾಗೆಯೇ ಕಾಣುತ್ತದೆ. ಅದು ನಾನು ಕಂಡದ್ದೋ ಅವರು ಹೇಳಿದ್ದೋ, ಬೇರೆ ಮಾಡಲು ಆಗುತ್ತಿಲ್ಲ.

ಕಿಟಕಿಯಾಚೆ ಶಾಲೆಯ ಅಂಗಳದಲ್ಲಿ ರೇಣುಕಾ ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ರಜೆಯಲ್ಲೂ ನಲ್ಲಿ ನೀರಿಗೆ ಬರುತ್ತಿದ್ದಳು.

"ಅಲ್ಲೇ ಇದಾಳಲ್ಲ. ಕರೀರಿ. ಒಂದು ಪೇಜ್ ಓದಿಸಿ," ಎಂದರು ಜಮೀಲಾ ಬೀ.

"ಮೊದಲು ಇದು ಮುಗೀಲಿ," ಎಂದೆ.

ಅವರು ಹದಿನೆಂಟನ್ನು ಎತ್ತಿಕೊಂಡರು. ನಾನು ಹದಿನೇಳನ್ನು ತೆಗೆದುಕೊಂಡು ಎಲ್ಲವನ್ನೂ ಅಳಿಸುವ ಗುಂಡಿ ಒತ್ತಿದೆ. ನನಗೆ ಮೊದಲೇ ಗೊತ್ತಿರಲಿಲ್ಲವೇ? ಗೊತ್ತಿರಲಿಲ್ಲ ಎಂದು ಬರೆಯಲು ಕೈ ಬರುತ್ತಿಲ್ಲ. ಅವಳಿಂದ ಗಟ್ಟಿಯಾಗಿ ಓದಿಸಿದ ದಿನ ಒಂದೂ ನೆನಪಿಲ್ಲ. ಪತ್ರ ಆಗಲೇ ಹೋಗಿತ್ತು. ಕರೆದು ಓದಿಸಿದ್ದರೆ, ಮತ್ತೊಂದು ಪತ್ರ ಬರೆಯಬೇಕಾಗುತ್ತಿತ್ತು.

ಜೂನ್‌ನಲ್ಲಿ ಟ್ರಸ್ಟಿನಿಂದ ಮೂವರು ಬಂದರು. ಮೂವರಿಗೂ ಕನ್ನಡ ಬರುತ್ತಿರಲಿಲ್ಲ. ಬಹುಮಾನ ಪಡೆದ ಹುಡುಗಿಯ ಓದು ಕೇಳಬೇಕು ಎಂದರು. ಟ್ಯಾಬಿನ ದನಿ ಬೇಡ, ಮಗುವಿನ ದನಿಯೇ ಸಾಕು ಎಂದಾಗ ನಾನೇ ಸ್ಪೀಕರ್ ನಿಲ್ಲಿಸಿ ಆಗ ಆರನೇ ತರಗತಿಗೆ ಹೋಗಿದ್ದ ರೇಣುಕಾಳನ್ನು ಕರೆಸಿ, ಅವಳ ಹಳೆಯ ಹದಿನೇಳನ್ನೇ ಕೈಗೆ ಕೊಟ್ಟೆ. ಅವಳು ಎಂದಿನಂತೆ ಮೊದಲ ಕಥೆಯನ್ನು ಒತ್ತಿದಳು. ಹಳೆಯ ಕಥೆಗಳೆಲ್ಲ ಹೋಗಿ ಹೊಸವು ಬಂದಿದ್ದವು. ಪರದೆಯ ಮೇಲೆ ಬಂದದ್ದು ಬಲೂನು ಮಾರುವ ಅಜ್ಜನ ಚಿತ್ರ, ಅದರ ಕೆಳಗೆ ನಾಲ್ಕು ಸಾಲು.

ರೇಣುಕಾ ಸ್ಪೀಕರ್ ಗುಂಡಿಯನ್ನು ಒಮ್ಮೆ ಒತ್ತಿ ನೋಡಿದಳು. ಆಮೇಲೆ ತಲೆ ಎತ್ತದೆ ಶುರು ಮಾಡಿದಳು: "ಒಂದು ಊರಿನಲ್ಲಿ ಒಂದು ಮೇಕೆಮರಿ ಇತ್ತು. ಅದರ ಕೊರಳಿನ ಗಂಟೆ ಕಳೆದುಹೋಯಿತು…" ಹೋದ ವರ್ಷ ಅಲ್ಲೇ ಇದ್ದ ಕಥೆ. ಒಂದಕ್ಷರ ತಪ್ಪಿಲ್ಲ, ಟ್ಯಾಬಿನ ಹೆಂಗಸಿನ ದನಿಯ ಏರಿಳಿತವೂ ಹಾಗೇ. ಬಲೂನಿನ ಅಜ್ಜನ ಪುಟಗಳನ್ನು ಒಂದೊಂದಾಗಿ ಸರಿಸುತ್ತಾ ಮೇಕೆಮರಿಗೆ ಗಂಟೆ ಸಿಗುವವರೆಗೂ ಹೇಳಿದಳು.

ಮೂವರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ರೇಣುಕಾ ನನ್ನನ್ನೇ ನೋಡುತ್ತಿದ್ದಳು. ಅವಳ ಗುಟ್ಟನ್ನು ನಾನು ಹಿಡಿದೆ ಎಂಬುದು ಅವಳಿಗೆ ಗೊತ್ತಿತ್ತು, ಹಿಡಿದೂ ಚಪ್ಪಾಳೆ ತಟ್ಟುತ್ತಿದ್ದೇನೆ ಎಂಬುದೂ. ಬಾಗಿಲ ಬಳಿ ಜಮೀಲಾ ಬೀ ಟೀ ತಟ್ಟೆ ಹಿಡಿದು ನಿಂತಿದ್ದರು. ಅವರ ಕೈ ಖಾಲಿಯಿರಲಿಲ್ಲ. ಖಾಲಿಯಿದ್ದರೂ ತಟ್ಟುತ್ತಿರಲಿಲ್ಲ ಎಂದುಕೊಂಡಿದ್ದೇನೆ.

ಆಮೇಲೆ ಎರಡು ವಾರ ಅವರು ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ನೋಡಿದರೆ ಮೆಟ್ಟಿಲ ಮೇಲೆ ರೇಣುಕಾಳನ್ನು ಪಕ್ಕಕ್ಕೆ ಕೂರಿಸಿಕೊಂಡಿದ್ದರು. ತೊಡೆಯ ಮೇಲೆ ಒಂದನೇ ತರಗತಿಯ ಹರಿದ ಪುಸ್ತಕ.

"ಇದು ಏನು ಹೇಳು."

"ಮರ, ಆಂಟಿ."

"ಚಿತ್ರ ನೋಡಬೇಡ. ಕೈಯಲ್ಲಿ ಮುಚ್ಚಿದೀನಿ. ಈಗ ಹೇಳು."

ರೇಣುಕಾ ನಕ್ಕುಬಿಟ್ಟಳು. "ಆಂಟಿ, ನಿಮಗ ಬರ್ತದೇನ್ರಿ?"

"ನನಗೆ ಉರ್ದು ಬರ್ತದೆ, ಕನ್ನಡ ಎಲ್ಲಿ ಬರ್ತದೆ? ನೀನು ತಪ್ಪು ಹೇಳಿದ್ರೂ ನನಗೆ ಗೊತ್ತಾಗಲ್ಲ," ಎಂದವರು ತಲೆ ಎತ್ತಿ ನನ್ನನ್ನು ಕಂಡರು. ಏಳಲಿಲ್ಲ. "ನನಗೆ ಬಂದಿದ್ರೆ ನಾನೇ ಕಲಿಸಿಬಿಡ್ತಿದ್ದೆ ಮೇಡಂ. ನಿಮಗೆ ಬರ್ತದಲ್ಲ."

ಅವರು ನನಗೆ ಹೇಳಿದ ಕಟುವಾದ ಮಾತು ಇದೊಂದೇ. ದನಿ ಏರಿರಲಿಲ್ಲ.

ಮಾರನೆಯ ದಿನದಿಂದ ಊಟದ ಬಿಡುವಿನಲ್ಲಿ ನಾನು ರೇಣುಕಾಳಿಗೆ ಕಲಿಸತೊಡಗಿದೆ. ಹದಿನೇಳನ್ನು ಅವಳಿಗೆಂದೇ ಎತ್ತಿಟ್ಟೆ. ಮೊದಲು ಅವಳು ಟ್ಯಾಬ್ ಮುಟ್ಟಲೇ ಒಪ್ಪಲಿಲ್ಲ. "ಅದ್ರಾಗ ಬ್ಯಾಡ್ರಿ ಟೀಚರ್, ಅದು ಎಲ್ಲಾರಿಗೂ ಹೇಳ್ತದ," ಎಂದಳು. ಕಾಗುಣಿತ ದಾಟಿ, ಒತ್ತಕ್ಷರದ ಹತ್ತಿರ ಬಂದಿದ್ದೆವು. ಕೊನೆಗೆ ಹದಿನೇಳರಲ್ಲೇ ಬಲೂನು ಅಜ್ಜನ ಕಥೆಯ ಮೊದಲ ಸಾಲನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು ಎಂದು ಡೈರಿಯಲ್ಲಿದೆ. ಎರಡನೆಯ ಸಾಲಿನ ಬಗ್ಗೆ ಏನೂ ಇಲ್ಲ. ದಸರೆ ರಜೆ ಮುಗಿದು ಶಾಲೆ ತೆರೆದಾಗ ಅವಳು ಬರಲಿಲ್ಲ. ಓಣಿಯ ಕೋಣೆಗೆ ಬೇರೆ ಬೀಗ ಬಿದ್ದಿತ್ತು. ಕಟ್ಟಡ ಮುಗಿಯಿತು, ಮಹದೇವಪುರದ ಕಡೆ ಹೋದರು ಎಂದು ಒಬ್ಬರು ಹೇಳಿದರು. ಇಲ್ಲ, ಊರಿಗೇ ಹೋದರು ಎಂದು ಇನ್ನೊಬ್ಬರು. ಮಹದೇವಪುರದ ಎರಡು ಶಾಲೆಗಳಲ್ಲಿ ವಿಚಾರಿಸಿದೆ. ಮೂರನೆಯದಕ್ಕೆ ಹೋಗಬೇಕೆಂದುಕೊಂಡವಳು ಹೋಗಲಿಲ್ಲ.

ಮುಂದಿನ ಮೇ ತಿಂಗಳ ಕೊನೆಯ ವಾರವೇ ಜಮೀಲಾ ಬೀ ನಮ್ಮಲ್ಲಿ ಕೆಲಸ ಮಾಡಿದ ಕೊನೆಯ ವಾರ. ಮಗಳ ಬಾಣಂತನಕ್ಕೆ ಕೋಲಾರಕ್ಕೆ ಹೊರಟಿದ್ದರು, ಮತ್ತೆ ಬರುವುದಿಲ್ಲವೆಂದು ಹೆಡ್ ಮೇಡಂಗೆ ತಿಳಿಸಿಯಾಗಿತ್ತು. ಈಗ ಅವರ ನಂಬರಿಗೆ ಫೋನ್ ಮಾಡಿದರೆ ಬೇರೆ ಯಾರೋ ಎತ್ತುತ್ತಾರೆ. ಮೂವತ್ತೂ ಟ್ಯಾಬ್‌ಗಳನ್ನು, ಅವರಿಲ್ಲದ ಈ ವರ್ಷ, ನಾನೊಬ್ಬಳೇ ಅಣಿ ಮಾಡಿದೆ. ಫ್ಯಾನ್ ಆರಿಸಿ, ನೆಲಕ್ಕೆ ನೀರು ಚಿಮುಕಿಸಿಯೇ ಕೂತೆ. ಅಳಿಸುವ ಮುಂಚೆ ಪ್ರತಿ ಮಗುವನ್ನೂ ಕರೆಸಿ, ಸ್ಪೀಕರ್ ನಿಲ್ಲಿಸಿ ಒಂದು ಪುಟ ಓದಿಸಿದೆ. ಏಳು ಮಕ್ಕಳಿಗೆ ಓದಲು ಬರುತ್ತಿರಲಿಲ್ಲ. ಇಬ್ಬರ ಹೆಸರು ವರದಿಯಲ್ಲಿ ಮೇಲೆಯೇ ಇತ್ತು.

ಹೊರಡುವ ಮುನ್ನಿನ ಆ ಕೊನೆಯ ವಾರ ಜಮೀಲಾ ಬೀ ಹದಿನೇಳನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಂಡಿದ್ದರು. ದಸರೆಯ ನಂತರ ಅದನ್ನು ಯಾರಿಗೂ ಕೊಟ್ಟಿರಲಿಲ್ಲ. ಉಗುರು ತಾಗಿಸಿ, ಒಂದೇ ಎಳೆತಕ್ಕೆ ಕಿತ್ತು, ಕಿಟಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

"ಮೇಡಂ, ಬನ್ನಿ ಇಲ್ಲಿ. ನಡುವೆ ನೋಡಿ. ಸಣ್ಣ ಗೆರೆ ಬಂದಿದೆ. ಬೆರಳು ಓಡಿಸಿದಾಳೆ. ಓದೋಕೆ ಶುರು ಮಾಡಿದ್ಲು, ಸಚ್." ಹಾಳೆಯನ್ನು ನನ್ನ ಕಣ್ಣಿನ ಮಟ್ಟಕ್ಕೆ ತಂದು ಓರೆ ಮಾಡಿದರು. "ಕಾಣ್ತಿದೆಯಾ?"

ಅಗ್ಗದ ಪ್ಲಾಸ್ಟಿಕ್ಕಿನಲ್ಲಿ ಮೇ ತಿಂಗಳ ಬಿಸಿಲು ತುಂಬಿತ್ತು. ನಡುವೆ ಏನೂ ಇರಲಿಲ್ಲ. ನನ್ನ ನೆನಪುಗಳಲ್ಲಿ ಯಾವುದನ್ನು ಬೇಕಾದರೂ ಸಂಶಯಿಸುತ್ತೇನೆ, ಇದನ್ನಲ್ಲ.

"ಕಾಣ್ತಿದೆ," ಎಂದೆ.

ಜಮೀಲಾ ಬೀ ಒಂದು ಕ್ಷಣ ನನ್ನ ಮುಖ ನೋಡಿದರು. ಬೆಳಕಿಗೆ ಹಿಡಿದ ಹಾಳೆಯನ್ನು ನೋಡುವ ಹಾಗೆಯೇ ನೋಡಿದರು. ಆಮೇಲೆ ಹಾಳೆಯನ್ನು ಮುದುರಿ ಬುಟ್ಟಿಗೆ ಹಾಕಿ, ಹೊಸ ಗಾರ್ಡಿನ ಪೊಟ್ಟಣ ಬಿಡಿಸತೊಡಗಿದರು.