ಕಾಯಿಯ ನೀರು, ಹೊಳೆಯ ನೀರು

ಶಾಂತಗೌಡರ ಗಾಡಿಯ ಮಾಡ್ಯೂಲ್ ಕೆಡಿಸಿದವನು ನಾನು. ಖಾಸಿಂ, ನೀನಲ್ಲ. ಭೀಮಾ ಹೊಳೆಯ ನೀರೂ ಅಲ್ಲ. ಐದು ವರ್ಷ ಈ ಮಾತನ್ನು ನುಂಗಿಕೊಂಡು ಆಳಂದ ಬಸ್ ನಿಲ್ದಾಣದ ಹಿಂದಿನ ನನ್ನ ಗ್ಯಾರೇಜಿನಲ್ಲಿ ಕೂತಿದ್ದೆ. ಹೊಟ್ಟೆ ತುಂಬ ಉಂಡಿದ್ದೇನೆ, ಕಣ್ಣು ತುಂಬ ನಿದ್ದೆಯನ್ನೂ ಮಾಡಿದ್ದೇನೆ — ಸಂಕಟಪಟ್ಟೆ ಎಂದು ಸುಳ್ಳು ಹೇಳಲಾರೆ. ನನ್ನ ಮೇಲೆ ನನಗೆ ಇಷ್ಟು ಸಿಟ್ಟು ಬಂದಿರುವುದೂ ಅದಕ್ಕೇ.

ಓದುವವರಿಗೆ ಒಂದು ಮಾತು. ಈಗಿನ ಗಾಡಿಗಳಲ್ಲಿ ಡ್ರೈವರನ ಮೊಣಕಾಲಿನ ಮೇಲ್ಗಡೆ, ಡ್ಯಾಶ್‌ಬೋರ್ಡಿನ ಒಳಗೆ, ಅಂಗೈ ಅಗಲದ ಒಂದು ಕರಿ ಡಬ್ಬಿ ಇರುತ್ತದೆ. ಅದನ್ನು ಬಾಡಿ ಮಾಡ್ಯೂಲ್ ಅನ್ನುತ್ತೇವೆ. ದೀಪ, ಹಾರ್ನ್, ವೈಪರ್, ಕಿಟಕಿಯ ಗಾಜು, ಬಾಗಿಲ ಲಾಕು ಎಲ್ಲವೂ ಅದು ಹೇಳಿದಂತೆ ಕೇಳುತ್ತವೆ. ಅದಕ್ಕೆ ತಲೆ ಕೆಟ್ಟರೆ ಇಡೀ ಗಾಡಿಗೇ ತಲೆ ಕೆಟ್ಟಂತೆ.

ಗೌಡರದು ಊರಿನಲ್ಲಿ ತೊಗರಿಯ ಅಡತಿ ಅಂಗಡಿ. ನೀನು ಅವರ ಡ್ರೈವರ್. ಆ ವರ್ಷ ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ಹಿಂದಿನ ದಿನ ಬಲಗಡೆಯ ಇಂಡಿಕೇಟರ್ ಹತ್ತುತ್ತಿಲ್ಲ ಎಂದು ಗಾಡಿ ತಂದೆ. ನಾನು ಡಬ್ಬಿ ಬಿಚ್ಚಿದೆ. ಒಂದು ಬೆಸುಗೆಯ ಟಾಕಿ ಬಿಟ್ಟಿತ್ತು, ಮತ್ತೆ ಬೆಸೆದೆ. ಇನ್ನು ಮುಚ್ಚಳ ಹಾಕಿ ನಾಲ್ಕು ಸ್ಕ್ರೂ ಬಿಗಿಯಬೇಕು — ಅಷ್ಟರಲ್ಲಿ ಹೊತ್ತು ಮುಳುಗಿತು. ನಮ್ಮಲ್ಲಿ ಪಾನಾ, ಪಕ್ಕಡದಂಥ ಹತಾರ ಎಲ್ಲ ತೊಳೆದು ಪೂಜೆಗೆ ಇಟ್ಟ ಮೇಲೆ ಮರುದಿನ ಪೂಜೆ ಮುಗಿದು, ಅದರ ಮರುದಿನದವರೆಗೂ ಯಾರೂ ಮುಟ್ಟುವಂತಿಲ್ಲ. ಒಂದು ಸ್ಕ್ರೂಡ್ರೈವರ್ ಎತ್ತಿದ್ದರೆ ಎರಡು ನಿಮಿಷದ ಕೆಲಸ. ಎತ್ತಲಿಲ್ಲ. ಹೋಗಲಿ, ಬಿಚ್ಚಿದ ಡಬ್ಬಿಯನ್ನು ಕಪಾಟಿನಲ್ಲಾದರೂ ಇಡಬೇಕಿತ್ತು. ಅದೂ ವಿದ್ಯೆಯೇ, ಅದಕ್ಕೂ ಒಂದು ಹೂವು ಬೀಳಲಿ ಎಂದು ಪಾನಾಗಳ ಮಧ್ಯೆ ಕೆಂಪು ಬಟ್ಟೆಯ ಮೇಲೆ ಇಟ್ಟೆ. ಎಂಥ ಭಕ್ತಿ ನೋಡು ನನ್ನದು.

ಮರುದಿನ ಚೆಂಡುಹೂವು ತಂದವನು ನೀನೇ. ನಾನು ಕಾಯಿ ಒಡೆದೆ. ಕೈ ಜಾರಿತು, ಅರ್ಧ ಹೋಳಿನ ನೀರು ಸೀದಾ ತೆರೆದ ಡಬ್ಬಿಯೊಳಗಿನ ಬೋರ್ಡಿನ ಮೇಲೆ ಬಿತ್ತು. ನೀನು ನೋಡಿದೆ. ನಾನು ಅಂಗವಸ್ತ್ರದ ತುದಿಯಿಂದ ಒರೆಸಿ ನಕ್ಕೆ — "ಪ್ರಸಾದ ಆತು ತಗೋ" ಅಂದೆ. ನೀನೂ ನಕ್ಕೆ. ಕಾಯಿಯ ನೀರಿನಲ್ಲಿ ಉಪ್ಪಿದೆ, ಸಕ್ಕರೆಯಿದೆ, ಒಣಗಿದ ಮೇಲೂ ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ಇಪ್ಪತ್ತು ವರ್ಷ ವೈರಿಂಗ್ ಮಾಡಿದವನಿಗೆ ಇದು ಗೊತ್ತಿಲ್ಲವೆ? ಗೊತ್ತಿತ್ತು. ಸ್ಪಿರಿಟ್ ಹಾಕಿ ತೊಳೆಯಬೇಕಿತ್ತು. ಬೋರ್ಡು ಒಣಗಿದಂತೆ ಕಂಡಿತು, ಇಂಡಿಕೇಟರ್ ಹತ್ತಿತು — ಹಾಗೇ ಮುಚ್ಚಿ ಕೂರಿಸಿ ಕಳಿಸಿಬಿಟ್ಟೆ.

ತಿಂಗಳೊಳಗೆ ಗಾಡಿ ಹುಚ್ಚಾಟ ಶುರು ಮಾಡಿತು. ಬಿಸಿಲಿನಲ್ಲಿ ವೈಪರ್ ಆಡುವುದು, ಹಾರ್ನ್ ತಾನೇ ಕೂಗುವುದು. ನೀನು ಎರಡು ಸಲ ಬಂದು ಹೇಳಿದೆ. ನಾನು ನೋಡೋಣ ಎಂದು ಸಾಗಹಾಕಿದೆ. ಆಮೇಲೆ ಭೀಮಾ ದಂಡೆಯ ಮಣ್ಣೂರಿನ ಆ ಮಧ್ಯಾಹ್ನ. ಗೌಡರು ಹೊಳೆಗೆ ಕೈಕಾಲು ತೊಳೆಯಲು ಇಳಿದಿದ್ದರು. ನೀನು ದಂಡೆಯಲ್ಲಿ ಬಕೆಟ್ಟಿನಿಂದ ಗಾಲಿ ತೊಳೆಯುತ್ತಿದ್ದೆ. ಹಿಂದಿನ ಸೀಟಿನಲ್ಲಿ ಗೌಡರ ತಾಯಿ. ಚಾವಿ ಒಳಗೇ ಇತ್ತು. ಲಾಕು ತಾನೇ ಬಿತ್ತು, ಗಾಜು ಇಳಿಯಲೊಲ್ಲದು, ಮುದುಕಿ ಒಳಗೆ ಬಾಯಿಬಾಯಿ ಬಿಡುತ್ತಿದ್ದಾರೆ. ನೀನು ಕಲ್ಲು ತೆಗೆದುಕೊಂಡು ಗಾಜು ಒಡೆದು ಅವರನ್ನು ಹೊರಗೆಳೆದೆ. ಕೈಗೆ ಏಳು ಹೊಲಿಗೆ ಬಿದ್ದವು. ಗೌಡರ ಕಣ್ಣಿಗೆ ಆ ಹೊಲಿಗೆ ಕಾಣಲಿಲ್ಲ, ಒಡೆದ ಗಾಜು ಕಂಡಿತು.

ಮರುದಿನ ನನ್ನ ಗ್ಯಾರೇಜಿನಲ್ಲಿ ಐದಾರು ಜನರ ಎದುರಿಗೆ ಡಬ್ಬಿ ಬಿಚ್ಚಿದೆ. ಬೋರ್ಡಿನ ತುಂಬ ಹಸಿರು ಕಿಲುಬು. ಮೂಲೆಯಲ್ಲಿ ಕುಂಕುಮದ ಒಂದು ಕಣ ಕೂಡ ಇತ್ತು, ಅದನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿದೆ. ಹೌದು, ಅಳಿಸಿದೆ.

"ಗಾಡಿ ಹೊಳ್ಯಾಗ ಇಳಿಸಿ ತೊಳ್ದಾನ. ನೀರು ಹೋಗ್ಯಾವೇನು ನೋಡು ಮಿಸ್ತ್ರಿ" ಅಂದರು ಗೌಡರು.

ನೀನು ನನ್ನ ಮುಖವನ್ನೇ ನೋಡುತ್ತಿದ್ದೆ.

"ಹೌದ್ರಿ ಗೌಡ್ರ, ನೀರು ಹೋಗ್ಯಾವ" ಅಂದೆ.

ಒಂದಕ್ಷರ ಸುಳ್ಳಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಜನ್ಮದಲ್ಲಿ ಆಡಿಲ್ಲ. ಗೌಡರು ನಿನ್ನ ಕಡೆ ತಿರುಗಿ, "ನಾಳಿಂದ ಬರಬ್ಯಾಡ" ಅಂದರು. ನೀನು ಚಪ್ಪಲಿ ಮೆಟ್ಟಿಕೊಂಡು ಹೋದೆ. ನಾನು ಕಲಬುರಗಿಯಿಂದ ಹೊಸ ಮಾಡ್ಯೂಲ್ ತರಿಸಿ, ಲ್ಯಾಪ್‌ಟಾಪ್ ಹಚ್ಚಿ, ಚಾವಿ, ಲಾಕು ಎಲ್ಲ ಹೊಂದಿಸಿಕೊಟ್ಟೆ. ಮಿಸ್ತ್ರಿ ಕೈಗುಣ ದೊಡ್ಡದು ಎಂದು ಗೌಡರು ನಾಲ್ಕು ಮಂದಿಗೆ ಹೇಳಿಕೊಂಡು ತಿರುಗಿದರು. ಈ ಕೈಗೆ ಬೆಂಕಿ ಬೀಳಲಿ.

ಗೌಡರ ತಾಯಿಯನ್ನು ಗಾಡಿಯಲ್ಲಿ ಕೂಡಿಹಾಕಿದ ಡ್ರೈವರ್ ಎಂದು ಅಫಜಲಪುರ, ಜೇವರ್ಗಿವರೆಗೂ ಹೆಸರು ಹೋಯಿತು. ಯಾರೂ ನಿನ್ನ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ನೀನು ಹೆಂಡತಿಯ ಊರು ಅಂದೋಲಾಕ್ಕೆ ಹೋಗಿ ಹಮಾಲಿಗೆ ನಿಂತೆ ಎಂದು ಕೇಳಿದೆ. ಕೇಳಿ ಸುಮ್ಮನಾದೆ. ಹೋದ ವಾರ ಗೌಡರು ಬಂದು, "ಈಗಿನ ಡ್ರೈವರ್ ಆ ಖಾಸಿಂನಂಗ ಅಲ್ಲೋ, ಹೊಳಿ ಅಂದ್ರ ದೂರ ನಿಲ್ತಾನ" ಎಂದು ನಕ್ಕರು. ನಾನೂ ನಕ್ಕೆ. ಖಾಸಿಂ, ನಾನೂ ನಕ್ಕೆ.

ಮರುದಿನವೇ ಅಂದೋಲಾಕ್ಕೆ ಬಂದೆ. ನೀನು ಲಾರಿಯಿಂದ ಹತ್ತಿಯ ಅಂಡಿಗೆ ಇಳಿಸುತ್ತಿದ್ದೆ. ಅವತ್ತೇ ಯಾಕೆ ಹೇಳಲಿಲ್ಲ ಎಂದು ನಿನ್ನ ಮೇಲೇ ಹರಿಹಾಯ್ದೆ, ತಪ್ಪು ನಿನ್ನದೇ ಅನ್ನುವ ಹಾಗೆ! ನೀನು ಬೆವರು ಒರೆಸಿಕೊಂಡು ಹೇಳಿದೆ: "ನಿಮ್ಮ ಪೂಜಿ ನೀರಿಲೆ ಕೆಟ್ಟದಂತ ನನ್ನ ಬಾಯಿಲೆ ಹ್ಯಾಂಗ ಅನ್ಲಿ ಅಣ್ಣಾ? ಮಾತು ಎಲ್ಲಿಗಿ ಹೋಗತಿತ್ತು, ನಿಮಗ ತಿಳೀದೇನು? ನೀವು ಹೇಳ್ತೀರಂತ ಕಾದೆ."

ಆಮೇಲೆ ನೀನೇ ಅಂದೆ, "ನನಗ್ಯಾಕ ಹೇಳಾಕ ಬಂದೀರಿ? ನನಗ ಗೊತ್ತದ. ಗೌಡ್ರಿಗಿ ಹೇಳ್ರಿ."

ಸೋಮವಾರ ಅಡತಿ ಅಂಗಡಿಯಲ್ಲಿ, ತೊಗರಿ ತಂದ ರೈತರು, ಹಮಾಲರು ಎಲ್ಲ ಇದ್ದಾಗ, ನಿಂತುಕೊಂಡೇ ಹೇಳಿದೆ. ಕಾಯಿ, ಕುಂಕುಮ, ಹೆಬ್ಬೆರಳು ಯಾವುದನ್ನೂ ಬಿಡಲಿಲ್ಲ. ಗೌಡರು ಕೆಂಪಗಾದರು.

"ಆತಗ ಬಾಯಿ ಇರ್ಲಿಲ್ಲೇನು? ಅವತ್ತೇ ಹೇಳಬೇಕಿತ್ತು."

"ಆತ ಹೇಳಿದ್ರ ನೀವು ನಂಬತಿದ್ರೇನ್ರಿ?" ಅಂದೆ.

ಗೌಡರು ಎದುರಿಗಿದ್ದ ಲೆಕ್ಕದ ಪುಸ್ತಕ ಮುಚ್ಚಿದರು. ಬೇಕಾದರೆ ಬರಲಿ, ಗಾಡಿ ಕೊಡುತ್ತೇನೆ ಅಂದರು. ಕ್ಷಮೆಯ ಮಾತು ಅವರ ಬಾಯಿಂದ ಬರಲಿಲ್ಲ. ನಾನಾದರೂ ಯಾವ ಮುಖ ಇಟ್ಟುಕೊಂಡು ಕೇಳಲಿ...

ಅಲ್ಲಿಂದಲೇ ನಿನಗೆ ಫೋನ್ ಮಾಡಿದೆ. ಎಷ್ಟು ಮಂದಿ ಇದ್ದರು ಎಂದು ನೀನು ಕೇಳಿದೆ. ಅಂಗಡಿ ತುಂಬ ಇದ್ದರು ಅಂದೆ ನಾನು. ಆಗ ನೀನು ಹೇಳಿದೆ:

"ಗಾಡಿ ಬ್ಯಾಡಣ್ಣಾ. ಒಮ್ಮೆ ಇಲ್ಲಿಗಿ ಬಂದು ನನ್ನ ಮಗಳಿಗಿ ಹೇಳ್ರಿ. ಅಪ್ಪಾನೇ ಆ ಮುದುಕಿಗಿ ಲಾಕ್ ಮಾಡಿದ್ದ ಅಂತ ಆಕಿ ಇನ್ನಾ ತಿಳ್ಕೊಂಡಾಳ."

ನಾಳೆ ಬೆಳಗಿನ ಬಸ್ಸಿಗೆ ಹೊರಟಿದ್ದೇನೆ. ಆ ಹುಡುಗಿ ಐದು ವರ್ಷ ತನ್ನ ಅಪ್ಪನನ್ನು ಯಾವ ಕಣ್ಣಿನಿಂದ ನೋಡಿದ್ದಾಳೋ, ಆ ಕಣ್ಣನ್ನು ನಾನು ನೋಡಬೇಕು.