ಭಾವನ ಮುಂದಿನ ಎರಡು ಹಲ್ಲುಗಳು

ಕಳೆದ ಜೂನ್ ತಿಂಗಳ ಎರಡನೇ ಮಂಗಳವಾರ ಅಣ್ಣಾ ನಗರದ ಹಲ್ಲಿನ ಕ್ಲಿನಿಕ್ ಒಂದರಲ್ಲಿ ನನ್ನ ಅಕ್ಕನ ಗಂಡನ ಮೇಲ್ಸಾಲಿನ ಎರಡು ಮುಂದಿನ ಹಲ್ಲುಗಳನ್ನು ಕಿತ್ತರು. ಭಾವನಿಗೆ ಐವತ್ತನಾಲ್ಕು ವರ್ಷ. ಉಡುಪಿ ಕಡೆಯವರು, ಕೋಡಂಬಾಕ್ಕಂನ ಸಸ್ಯಾಹಾರಿ ಹೋಟೆಲೊಂದರಲ್ಲಿ ಸಪ್ಲೈಯರ್. ಗಿರಾಕಿ ಕೂತ ಕೂಡಲೇ ಆ ಹೊತ್ತಿನ ತಿಂಡಿಗಳನ್ನೆಲ್ಲ ಒಂದೇ ಉಸಿರಿಗೆ ಹೇಳುವುದು ಅವರ ಕೆಲಸ. ಹಲ್ಲು ಹೋದ ಮೇಲೆ ಮಾತಿನಲ್ಲಿ ಗಾಳಿ ಬರತೊಡಗಿತು. ಮಾಲೀಕರು ಅವರನ್ನು ಒಳಗೆ ಪಾರ್ಸೆಲ್ ಕಟ್ಟಲು ಹಾಕಿದರು. ಹಲ್ಲು ಕಟ್ಟಿಸಿಕೊಂಡು ಬಂದರೆ ಮತ್ತೆ ಟೇಬಲ್ ಕೆಲಸ ಎಂದಿದ್ದಾರೆ.

ಹಲ್ಲು ಕಿತ್ತ ದಿನ ಕ್ಲಿನಿಕ್‌ಗೆ ನಾನೂ ಜೊತೆಗೆ ಹೋಗಿದ್ದೆ. ಭಾವ ಬೆಳಗಿನ ಪಾಳಿ ಮುಗಿಸಿ ಹೋಟೆಲಿನ ಅಂಗಿಯಲ್ಲೇ ಬಂದಿದ್ದರು. ಕುರ್ಚಿಗಳು ಖಾಲಿ ಇದ್ದವು, ಅವರು ಕೂರಲಿಲ್ಲ. ಎದುರಿಗೆ ಜನ ಕೂತಿರುವಾಗ ಸಪ್ಲೈಯರ್ ಕೂರುವುದಿಲ್ಲ. ನೀರಿನ ಕ್ಯಾನ್ ಪಕ್ಕ ನಿಂತರು. ಒಬ್ಬ ಹೆಂಗಸು ತಮಿಳಿನಲ್ಲಿ "ಅಣ್ಣಾ, ಕೊಂಜಂ ತಣ್ಣಿ" ಎಂದು ನೀರು ಕೇಳಿದಾಗ ಲೋಟ ತುಂಬಿ ಕೊಟ್ಟರು. ನಂತರ ಬಂದ ಇಬ್ಬರು ಅವರಿಗಿಂತ ಮೊದಲು ಒಳಗೆ ಹೋದರು. ಭಾವನನ್ನು ಯಾಕೆ ಕರೆಯಲಿಲ್ಲ ಎಂದು ನಾನು ಕೇಳಿದಾಗ, ಅವರು ಇಲ್ಲಿಯ ಕೆಲಸದವರೆಂದುಕೊಂಡೆ ಎಂದಳು ಟೋಕನ್ ಕೊಡುವ ಹುಡುಗಿ. ನಾನು ನಕ್ಕೆ. ಭಾವನೂ ನಕ್ಕರು.

ಆಗಸ್ಟ್‌ನಲ್ಲಿ ನನ್ನ ಮುಂದಿನ ಹಲ್ಲು ಅಲುಗಾಡಿತು. ಅದೇ ಡಾಕ್ಟರು, ಮಧ್ಯವಯಸ್ಸಿನ ಮಹಿಳೆ. ಉದ್ಯೋಗ ಕೇಳಿದರು, ಪತ್ರಿಕೆ ಎಂದೆ. ವಸಡಿನ ಕಾಯಿಲೆ ಎಂದರು. ಭಾವನಿಗೂ ಅದನ್ನೇ ಹೇಳಿದ್ದರು. ನನಗೆ ಮಾತ್ರ, ವಸಡು ಶುಚಿ ಮಾಡಿ, ಪಕ್ಕದ ಹಲ್ಲುಗಳಿಗೆ ಸೇರಿಸಿ ತಂತಿ ಕಟ್ಟೋಣ, ಕೀಳುವ ಮಾತು ಆಮೇಲೆ ಎಂದರು.

ಭಾವನಿಗೆ ಯಾಕೆ ಕಟ್ಟಲಿಲ್ಲ ಎಂದು ಕೇಳಿದೆ. ಒಪ್ಪಿಗೆ ಪತ್ರ ತೆಗೆದು ತೋರಿಸಿದರು. ಕೆಳಗೆ ಭಾವನ ಕನ್ನಡ ಸಹಿ ಇತ್ತು. ಅವರ ಹಲ್ಲು ಹೆಚ್ಚು ಸಡಿಲವಾಗಿತ್ತು ಎಂದರು. ಪತ್ರ ಒಳಗಿಡುತ್ತಾ, ತಂತಿ ಕಟ್ಟಿದರೆ ಹತ್ತು ಸಲ ಬರಬೇಕು, ಹೋಟೆಲಿನಲ್ಲಿ ದುಡಿಯುವವರು ಬರಲಾರರು ಅಂದುಕೊಂಡೆ ಎಂದೂ ಹೇಳಿದರು. ಬರುತ್ತೀರಾ ಎಂದು ಅವರನ್ನೇ ಕೇಳಿದ್ದಿರಾ ಎಂದೆ. ನೆನಪಿಲ್ಲ ಎಂದರು.

ಮರುದಿನ ಮಧ್ಯಾಹ್ನ ಹೋಟೆಲಿನ ಹಿಂಬದಿಗೆ ಹೋದೆ. ಭಾವ ಚಟ್ನಿ ಪೊಟ್ಟಣಗಳಿಗೆ ದಾರ ಸುತ್ತುತ್ತಿದ್ದರು.

"ತಂತಿ ಕಟ್ಟುವ ವಿಷಯ ಡಾಕ್ಟರು ಹೇಳಿದ್ರಾ ಭಾವ?"

"ಎಂತದೋ ಹೇಳಿದ್ರು ಮಾರಾಯ. ಇಲ್ಲ, ಹೇಳ್ಲಿಲ್ಲ ಕಾಣ್ತದೆ. ತೆಗೆಯುವನಾ ಅಂತ ಕೇಳಿದ್ರು. ಸರಿ ಮೇಡಂ ಅಂದೆ."

"ಬೇರೆ ದಾರಿ ಉಂಟಾ ಅಂತ ಕೇಳ್ಬಹುದಿತ್ತಲ್ಲ?"

"ಗಿರಾಕಿ ಸಾಂಬಾರು ಯಾಕೆ ಬಿಸಿ ಉಂಟು ಅಂತ ಜೋರು ಮಾಡಿದ್ರೂ ನಾನು ಸರಿ ಸರ್ ಅನ್ನುದೇ. ಮೂವತ್ತು ವರ್ಷದ ಅಭ್ಯಾಸ." ದಾರ ಹರಿದು ನನ್ನ ಬಾಯಿ ನೋಡಿದರು. "ನಿನ್ನದು ಪೇಪರಿನವರ ಹಲ್ಲು. ಕೀಳ್ಲಿಕ್ಕೆ ಯಾರಿಗಾದ್ರೂ ಹೆದರಿಕೆಯೇ."

ಆ ರಾತ್ರಿ ಗೊತ್ತಿರುವುದನ್ನಷ್ಟೇ ಬರೆದು ನೋಡಿದೆ. ಕಾಯಿಲೆ ಒಂದೇ, ಡಾಕ್ಟರು ಒಬ್ಬರೇ, ಚಿಕಿತ್ಸೆ ಬೇರೆ. ಭಾವನ ಹಲ್ಲು ನನ್ನದಕ್ಕಿಂತ ಸಡಿಲವಾಗಿದ್ದುದು ನಿಜವಿರಬಹುದು. ಸಹಿ ಅವರದೇ. ತಂತಿಯ ವಿಷಯ ಡಾಕ್ಟರು ಕೇಳಿದ್ದರೋ ಇಲ್ಲವೋ, ಇಬ್ಬರಿಗೂ ಸರಿಯಾಗಿ ನೆನಪಿಲ್ಲ. ತಪ್ಪು ಭಾವನನ್ನು ಕೆಲಸದವರೆಂದು ತಿಳಿದ ಕ್ಲಿನಿಕ್ಕಿನವರದೋ, ಹಾಗೆ ನಿಂತ ಅವರದೋ? ಕೂತುಕೊಳ್ಳಿ ಎಂದು ನಾನೂ ಹೇಳಿರಲಿಲ್ಲ. ಇದು ನನ್ನ ಮೇಜಿಗೆ ಬಂದ ವರದಿಯಾಗಿದ್ದರೆ ಇನ್ನಷ್ಟು ವಿಚಾರಿಸಿ ಎಂದು ವಾಪಸು ಕಳಿಸುತ್ತಿದ್ದೆ. ಯಾರನ್ನು ವಿಚಾರಿಸಬೇಕೆಂದು ತಿಳಿಯಲಿಲ್ಲ.

ಈಗ ಭಾವನ ಮೂರನೇ ಹಲ್ಲು ಅಲುಗಾಡುತ್ತಿದೆ. ಕಳೆದ ಶನಿವಾರ ಅವರೊಬ್ಬರೇ ಅದೇ ಡಾಕ್ಟರ ಬಳಿ ಹೋಗಿ, ಕೀಳದೆ ಉಳಿಸಬಹುದೇ ಎಂದು ಕೇಳಿದರು. ಡಾಕ್ಟರು ತಂತಿ ಕಟ್ಟಿದ್ದಾರೆ. ಗುರುವಾರ ಮತ್ತೆ ಬರಹೇಳಿದ್ದಾರೆ. ಗುರುವಾರಕ್ಕೆ ಹೋಟೆಲಿನಲ್ಲಿ ಇನ್ನೂ ರಜೆ ಸಿಕ್ಕಿಲ್ಲ.