ಲಗ್ನಪತ್ರಿಕೆಯಲ್ಲಿ ಒಂದು ಹೆಸರು

ಮಧುಗಿರಿಯ ಒಂದು ಪ್ರೆಸ್ಸಿನಲ್ಲಿ ಗಿರಿಯಮ್ಮ ಸೀಸದ ಅಕ್ಷರದ ಮೊಳೆಗಳನ್ನು ಜೋಡಿಸುತ್ತಿದ್ದಳು. ಗಂಡ ಸತ್ತ ವರ್ಷ ಸೇರಿದ ಕೆಲಸ. ಸಾವಿರದ ಒಂಬೈನೂರ ಎಪ್ಪತ್ತೆಂಟರ ಹೊತ್ತಿಗೆ ತಲೆಕೆಳಗಾದ ಅಕ್ಷರವನ್ನೂ ಸಲೀಸಾಗಿ ಓದುತ್ತಿದ್ದಳು. ಸುತ್ತಲಿನ ಮದುವೆಗಳೆಲ್ಲ ಅವಳ ಕೈಯಿಂದಲೇ ಹೊರಡುತ್ತಿದ್ದವು. ಅವಳನ್ನು ಚಪ್ಪರಕ್ಕೆ ಕರೆದವರು ಮಾತ್ರ ಕಡಿಮೆ.

ಆ ವರ್ಷ ಹೊಳವನಹಳ್ಳಿಯಿಂದ ಅಣ್ಣ ಮುದ್ದಪ್ಪ ಮಗಳ ಲಗ್ನಪತ್ರಿಕೆ ಮಾಡಿಸಲು ಬಂದ. ಮಗಳು ಹನುಮಕ್ಕ, ತಾಯಿ ಸತ್ತ ಮೇಲೆ ಗಿರಿಯಮ್ಮನ ಮಡಿಲಲ್ಲೇ ಬೆಳೆದವಳು. ಮುದ್ದಪ್ಪನದೊಂದು ಹಟ: "ಒಬ್ಬೊಬ್ರಿಗೆ ಒಂದೊಂದು ಸಾಲು ಕೊಟ್ರೆ ಮೇಲ್ಯಾರು ಕೆಳಗ್ಯಾರು ಅಂತ ಜಗಳ ತಗೀತಾರೆ. ನೆಂಟ್ರುನ್ನೆಲ್ಲ ಸೇರಿಸಿ ಒಂದೇ ಉಸಿರಿಗೆ ಓಡಿಸ್ಬುಡು."

ಹಾಗೆ ಓಡಿಸುವುದು ತಲೆನೋವಿನ ಕೆಲಸ. ನಡುವೆ ಎಲ್ಲೂ ಮುರಿಯದೆ ಹೋದ ಬರಹದ ಮೊದಲಿಗೆ ಒಂದಕ್ಷರ ಸೇರಿಸಿದರೂ ಮುಂದಿನದೆಲ್ಲ ಜರುಗಬೇಕು. ಕೊನೆಯ ಮೊಳೆಯ ತನಕ ಕಿತ್ತು ಕಟ್ಟಬೇಕು. ಗಿರಿಯಮ್ಮ ಇದನ್ನು ಹೇಳಿಯೇ ಕೆಲಸಕ್ಕೆ ಕೂತಳು. ಅಣ್ಣ ಹೇಳುತ್ತಿದ್ದ ಕೊನೆಯ ಹೆಸರಿನ ತನಕ ಕಾದಳು. ತನ್ನದು ಬರಲಿಲ್ಲ.

"ಅಣ್ಣಾ, ನನ್ನ ಹೆಸ್ರು?"

ಗಂಡ ಸತ್ತವಳ ಹೆಸರು ಲಗ್ನಪತ್ರಿಕೆಗೆ ಬರಕೂಡದೆಂದು ಮುದ್ದಪ್ಪ ಬಾಯಿ ಬಿಟ್ಟು ಹೇಳಲಾರ. ಗೋಡೆ ನೋಡಿದ. "ಈಗೆಲ್ಲಿ ತೂರಿಸ್ತೀಯಮ್ಮ? ಎಲ್ಲಾ ಕೀಳ್ಬೇಕು ಅಂತ ನೀನೇ ಅಂದ್ಯಲ್ಲ. ಹೋಗ್ಲಿ ಬುಡು."

ಗಿರಿಯಮ್ಮ ಕೊನೆಯ ಸಾಲನ್ನು ಬಿಗಿದು ಕಟ್ಟಿದಳು.

ಮಾರನೆಯ ದಿನ ಮುದ್ದಪ್ಪ ಓಡೋಡಿ ಬಂದ. ತನ್ನ ಕಡೆಯವರನ್ನು ತುಂಬುವ ಸಡಗರದಲ್ಲಿ ಹುಡುಗಿಯ ಸೋದರಮಾವ ಬೈಲಪ್ಪನನ್ನೇ ಮರೆತಿದ್ದ! ಸೋದರಮಾವ ಮುನಿದರೆ ಹೆಣ್ಣನ್ನು ಹಸೆಗೆ ಕರೆತರುವವರಾರು?

"ಮೊದಲ್ನೇ ಹೆಸ್ರೇ ಅವಂದಾಗ್ಲಿ ಕಣಮ್ಮ. ನಾಳೆ ಬೆಳಿಗ್ಗೆಯಿಂದ ಹಂಚ್ಬೇಕು, ಹೆಂಗಾದ್ರೂ ಮಾಡು" ಎಂದು ಅಂಗಲಾಚಿದ.

ನಿನ್ನೆ ಕೀಳಲಾಗದ್ದನ್ನು ಇಂದು ಕೀಳಬಹುದಾಗಿತ್ತು. ಗಿರಿಯಮ್ಮ ಎಲ್ಲವನ್ನೂ ಕಿತ್ತಳು, ಮತ್ತೆ ಕಟ್ಟಿದಳು. ಸಂಜೆ ಪ್ರೂಫು ತೆಗೆದು ಅಣ್ಣನ ಕೈಗೆ ಕೊಟ್ಟಳು.

ಸೋದರಮಾವ ಬೈಲಪ್ಪನ ಬೆನ್ನಿಗೇ 'ಸೋದರತ್ತೆ ಗಿರಿಯಮ್ಮ' ಎಂದಿತ್ತು. ಮುದ್ದಪ್ಪ ಅದರ ಮೇಲೆ ಬೆರಳಿಟ್ಟ.

"ಇದೇನಮ್ಮ ಇದು? ತಗುದ್ಬುಡು."

ರಾತ್ರಿಯೇ ಅಚ್ಚು ಹಾಕಿ ಬೆಳಗಿನ ಬಸ್ಸಿಗೆ ಪತ್ರಿಕೆ ಕೊಡಬೇಕಿತ್ತು. ಹೊರಗೆ ಹೊಳವನಹಳ್ಳಿಯ ಕೊನೆಯ ಬಸ್ಸು ಹಾರನ್ ಹೊಡೆಯುತ್ತಿತ್ತು. ಗಿರಿಯಮ್ಮ ಕೈಯ ಮಸಿ ಒರೆಸಿಕೊಂಡಳು.

"ತಗೀಬೌದು. ಎಲ್ಲಾ ಕೀಳ್ಬೇಕು ಕಣಣ್ಣ. ಹೋಗ್ಲಿ ಬುಡು."